ಹದಿನೆಂಟು ಅಂಗುಲದ ಜಾಗ

ಹಡಗು, ದೋಣಿಗಳ ಮಾತು ಬಂದಾಗ ನಮ್ಮ ಸಾಹಿತ್ಯದಲ್ಲಿ ಹಾಯಿ ಬರುತ್ತದೆ, ಚುಕ್ಕಾಣಿ ಬರುತ್ತದೆ, ಅಂಬಿಗನಂತೂ ಬಂದೇ ಬರುತ್ತಾನೆ. ಕುಳಿತವನ ಕೆಳಗಿರುವ ಹಲಗೆ ಮಾತ್ರ ಬಂದದ್ದನ್ನು ನಾವು ಕಂಡಿಲ್ಲ. ಅದು ಸಹಜವೇ. ಆಸನ ಸರಿಯಾಗಿದ್ದರೆ ಕುಳಿತವನಿಗೆ ಅದರ ನೆನಪೇ ಇರುವುದಿಲ್ಲ. ಬೆನ್ನಿಗೆ ಒತ್ತಿದಾಗ, ಸೀರೆಯ ಸೆರಗು ಮೊಳೆಗೆ ಸಿಕ್ಕಿ ಹರಿದಾಗ ಮಾತ್ರ ಅದನ್ನು ಮಾಡಿದವನಿಗೆ ಶಾಪ ತಟ್ಟುತ್ತದೆ. ಆ ಶಾಪಕ್ಕೆ ಪಾತ್ರರಾಗುವ ಕಸುಬಿನವರು ನಾವು. ಈ ಸಂಘದ ಅನೇಕ ಕುಟುಂಬಗಳು ಹಾವೇರಿ, ಗದಗ, ಬಾಗಲಕೋಟೆಗಳ ಕಡೆಯಿಂದ ಗೋವೆಗೆ ಬಂದು ಬಂದರು, ಬಾರ್ಜು, ಕಟ್ಟಡಗಳ ಕೆಲಸಕ್ಕೆ ನಿಂತಂತೆ, ನಾವು ಐದು ಜನ ಎಂಬತ್ತರ ದಶಕದ ಆರಂಭದಲ್ಲಿ ಜುವಾರಿ ನದಿಯ ದಂಡೆಯ ಒಂದು ಸಣ್ಣ ಕಾರ್ಖಾನೆಗೆ ಸೇರಿದೆವು. ದೋಣಿ ಕಟ್ಟುವವರು ಬೇರೆ, ಎಂಜಿನ್ನು ಕೂಡಿಸುವವರು ಬೇರೆ. ಕಟ್ಟಿದ ದೋಣಿಯೊಳಗೆ ಮನುಷ್ಯರು ಕೂರುವ ಏರ್ಪಾಟು ಮಾಡುವುದು ನಮ್ಮ ಪಾಲಿಗೆ ಬಂತು. ಮೂವತ್ತು ವರ್ಷಗಳಿಗೂ ಮಿಕ್ಕಿ ಅದನ್ನೇ ಮಾಡಿದೆವು.

ನಮ್ಮ ಕಡೆ ಮನೆಗೆ ಬಂದವರಿಗೆ ಮಣೆ ಹಾಕುತ್ತೇವೆ. ಗೌರವ ಕೊಡುವುದಕ್ಕೇ ಮಣೆ ಹಾಕುವುದು ಎಂಬ ಮಾತು ಹುಟ್ಟಿಕೊಂಡಿದೆ. ಆದರೆ ಮನೆಯ ಮಣೆಯನ್ನು ಎತ್ತಿ ಗೋಡೆಗೆ ಒರಗಿಸಿದರೆ ಮನೆಗೆ ಏನೂ ಆಗುವುದಿಲ್ಲ. ಸಣ್ಣ ಮರದ ದೋಣಿಯಲ್ಲಿ ಹಾಗಲ್ಲ. ಅಲ್ಲಿ ಎಡದ ಅಂಚಿನಿಂದ ಬಲದ ಅಂಚಿಗೆ ಹಾಯಿಸಿದ ಅಡ್ಡಹಲಗೆಯ ಮೇಲೆಯೇ ಜನ ಕೂರುತ್ತಾರೆ, ಹುಟ್ಟು ಹಾಕುವವನೂ ಕೂರುತ್ತಾನೆ. ಆದರೆ ಆ ಹಲಗೆಯ ಮುಖ್ಯ ಕೆಲಸ ಕೂರಿಸಿಕೊಳ್ಳುವುದಲ್ಲ. ನೀರು ಹೊರಗಿನಿಂದ ಒತ್ತಿದಾಗ ದೋಣಿಯ ಪಕ್ಕಗಳು ಒಳಕ್ಕೆ ಬಾಗದಂತೆ, ಒಳಗಿನ ಭಾರಕ್ಕೆ ಹೊರಕ್ಕೆ ಬಿರಿಯದಂತೆ ಹಿಡಿದಿರುವ ತೊಲೆ ಅದು. ಅದನ್ನು ಕಿತ್ತರೆ ನಾಲ್ಕು ಅಲೆಗಳಲ್ಲಿ ದೋಣಿಯ ಸಂದುಗಳು ಬಾಯಿಬಿಡುತ್ತವೆ. ಹಡಗಿನ ಆಸನದ ಚರಿತ್ರೆ ಇಲ್ಲಿಂದ ಮೊದಲಾಗುತ್ತದೆ ಎಂದು ನಾವು ತಿಳಿದಿದ್ದೇವೆ. ಮುಂದೆ ಉಕ್ಕಿನ ಒಡಲುಗಳು ಬಂದವು, ದೋಣಿಯನ್ನು ಹಿಡಿದಿಡುವ ಕೆಲಸ ಪಕ್ಕೆಲುಬುಗಳ ಪಾಲಾಯಿತು, ಆಸನ ಬರಿಯ ಪೀಠೋಪಕರಣವಾಯಿತು. ಹಾಗೆಂದು ಎಲ್ಲರೂ ಹೇಳುತ್ತಾರೆ. ನಮಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಏಕೆಂಬುದನ್ನು ಮುಂದೆ ಹೇಳುತ್ತೇವೆ.

ನಮಗೆ ಕೆಲಸ ಕಲಿಸಿದವರು ಧಾರವಾಡ ಸೀಮೆಯ ಒಬ್ಬ ಬಡಿಗೇರರು. ನಾವೆಲ್ಲ ಅವರನ್ನು ಕಾಕಾ ಎಂದೇ ಕರೆದೆವು. ಅವರು ಮೊದಲು ಮುಂಬಯಿಯಲ್ಲಿ ಕುರ್ಚಿ, ಮೇಜು ಮಾಡುತ್ತಿದ್ದವರು. ಎಪ್ಪತ್ತರ ದಶಕದಲ್ಲಿ ಪಣಜಿಗೆ ಬಂದದ್ದು ಸ್ಟೀಮರಿನಲ್ಲಿ. ಕೊಂಕಣ್ ಸೇವಕ್, ಕೊಂಕಣ್ ಶಕ್ತಿ ಎಂಬ ಹೆಸರುಗಳು ನಮ್ಮ ಹಿರಿಯ ಓದುಗರಿಗೆ ನೆನಪಿರಬಹುದು. ಅಗ್ಗದ ಟಿಕೆಟಿನವರಿಗೆ ಅವುಗಳಲ್ಲಿ ಡೆಕ್ಕೇ ಆಸನ, ಡೆಕ್ಕೇ ಹಾಸಿಗೆ. ಸ್ಟೀಮರು ಬಿಡುವ ಮೊದಲೇ ಓಡಿಹೋಗಿ ಚಾಪೆ, ಜಮಖಾನ ಹಾಸಿದವನಿಗೆ ಜಾಗ ದಕ್ಕುತ್ತಿತ್ತು. ಎಷ್ಟು ಉದ್ದದ ಚಾಪೆಯೋ ಅಷ್ಟು ರಾಜ್ಯ. ಕಾಕಾ ಇದನ್ನು ಹೇಳುವಾಗ ನಗುತ್ತಿದ್ದರು, ಆದರೆ ಅವರ ಕಣ್ಣು ಬಿದ್ದದ್ದು ಬೇರೆ ಕಡೆಗೆ. ಮೇಲಿನ ಡೆಕ್ಕಿನ ಒಂದು ಸಾಗವಾನಿ ಬೆಂಚಿನ ಅಡಿಯಲ್ಲಿ ರಾತ್ರಿಯೆಲ್ಲ ಮಲಗಿ, ಅದರ ಹಲಗೆಗಳನ್ನು ಕೆಳಗಿನಿಂದ ಹೇಗೆ ಹಿಡಿಸಿದ್ದಾರೆಂದು ನೋಡುತ್ತ ಬಂದರಂತೆ. ಗೋವೆಗೆ ಇಳಿಯುವ ಹೊತ್ತಿಗೆ ತಮ್ಮ ಮುಂದಿನ ಕಸುಬು ತಮಗೆ ಗೊತ್ತಾಗಿತ್ತು ಎನ್ನುತ್ತಿದ್ದರು. ಕಾಕಾನ ಮಾತಿನಲ್ಲಿ ಒಂದಿಷ್ಟು ಒಗ್ಗರಣೆ ಇರುತ್ತಿತ್ತೆಂಬುದನ್ನೂ ಹೇಳಬೇಕು.

ಆ ಕಾಲದ ಡೆಕ್ಕು ಪ್ರಯಾಣದ ಇನ್ನೊಂದು ಮುಖವನ್ನೂ ಮರೆಯಬಾರದು. 1947ರ ಜುಲೈ 17ರಂದು ಮುಂಬಯಿಯಿಂದ ರೇವಸಕ್ಕೆ ಹೊರಟ ರಾಮದಾಸ ಎಂಬ ಸ್ಟೀಮರು ಮಳೆಗಾಲದ ಕಡಲಿನಲ್ಲಿ ಮಗುಚಿ ಆರು ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಗಾಳಿಗೆ, ಅಲೆಗೆ ಬೆದರಿದ ಜನ ಒಂದೇ ಬದಿಗೆ ನುಗ್ಗಿದರು ಎಂಬ ಸಂಗತಿ ಆ ದುರಂತದ ಕಥನದಲ್ಲೆಲ್ಲ ಬರುತ್ತದೆ. ಡೆಕ್ಕಿನ ಮೇಲೆ ಬಿಡಿಯಾಗಿ ಕುಳಿತ ಜನವೆಂದರೆ ಕಟ್ಟದೆ ಬಿಟ್ಟ ಸರಕಿನ ಹಾಗೆ. ದೋಣಿ ವಾಲಿದ ಕಡೆಗೇ ಅದು ಹೋಗುತ್ತದೆ, ಹೋಗಿ ಇನ್ನಷ್ಟು ವಾಲಿಸುತ್ತದೆ.

ಇನ್ನು ಮರದ ವಿಷಯ. ಸಾಗವಾನಿಯನ್ನು ಹಡಗಿನವರು ಏಕೆ ಮೆಚ್ಚಿದರೆಂಬುದಕ್ಕೆ ಅದರ ಚೆಂದವೇ ಕಾರಣವೆಂದು ಮನೆಯ ಬಾಗಿಲು ಮಾಡಿಸುವವರು ತಿಳಿದಿರುತ್ತಾರೆ. ಕಾರಣ ಅದರ ಎಣ್ಣೆ. ಮರದೊಳಗೇ ಇರುವ ಆ ಎಣ್ಣೆ ನೀರನ್ನೂ ಹುಳವನ್ನೂ ದೂರವಿಡುತ್ತದೆ. ನೆನೆದು ಒಣಗಿದರೂ ಹಲಗೆ ಅಷ್ಟಾಗಿ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ, ತಿರುಚುವುದಿಲ್ಲ. ಯುರೋಪಿನ ಓಕ್ ಮರದಲ್ಲಿ ಒಗರಿನ ಆಮ್ಲವಿದ್ದು ತನ್ನೊಳಗಿನ ಕಬ್ಬಿಣದ ಮೊಳೆಯನ್ನು ತಾನೇ ತಿಂದುಹಾಕುತ್ತದೆ. ಸಾಗವಾನಿ ಕಬ್ಬಿಣದೊಂದಿಗೆ ಸಂಸಾರ ಮಾಡಬಲ್ಲದು. ಮುಂಬಯಿಯ ವಾಡಿಯಾ ಮನೆತನದವರು ಮಲಬಾರಿನ ಸಾಗವಾನಿಯಲ್ಲಿ 1817ರಲ್ಲಿ ಕಟ್ಟಿದ ಟ್ರಿಂಕೋಮಲಿ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಇಂದಿಗೂ ತೇಲುತ್ತಿದೆ. ನಾವು ಮಾಡಿದ ಬೆಂಚುಗಳಿಗೆ ಅಂಥ ಆಯುಸ್ಸು ಇಲ್ಲ. ಆದರೆ ಮರ ಮೊದಲು ಸತ್ತದ್ದನ್ನು ನಾವು ಕಂಡದ್ದು ಕಡಿಮೆ. ಸಾಯುತ್ತಿದ್ದದ್ದು ಅದನ್ನು ಹಿಡಿದ ಲೋಹ.

ಕಡಲ ಗಾಳಿಯಲ್ಲಿ ಸ್ಕ್ರೂ ಎಂಬುದು ಒಂದು ಶಾಸ್ತ್ರವೇ ಸರಿ. ಸಾದಾ ಉಕ್ಕಿನ ಸ್ಕ್ರೂ ಒಂದು ಮಳೆಗಾಲಕ್ಕೆ ತುಕ್ಕು ಹಿಡಿದು ಉಬ್ಬಿ, ಸುತ್ತಲಿನ ಮರವನ್ನು ಸೀಳುತ್ತದೆ. ಹಿತ್ತಾಳೆ ಚಿನ್ನದ ಹಾಗೆ ಹೊಳೆಯುತ್ತದೆ, ನಂಬಿಸುತ್ತದೆ. ಉಪ್ಪುನೀರು ಅದರೊಳಗಿನ ಸತುವನ್ನು ಮೆಲ್ಲಗೆ ಕದ್ದೊಯ್ದು ಕೆಂಪಗಿನ, ಪುಡಿಯಾಗುವ ತಾಮ್ರವನ್ನಷ್ಟೇ ಉಳಿಸುತ್ತದೆ. ಹೊರಗಿನಿಂದ ಸ್ಕ್ರೂ ಇದ್ದ ಹಾಗೇ ಇರುತ್ತದೆ. ತಿರುವಿದರೆ ತಲೆ ಕೈಗೆ ಬರುತ್ತದೆ. ತುಕ್ಕು ಹಿಡಿಯದ ಉಕ್ಕಿನಲ್ಲೂ ಜಾತಿಗಳಿವೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 304. ಮನೆಯ ಪಾತ್ರೆಗೆ ಅದು ಸಾಕು, ಕಡಲಿಗೆ ಸಾಲದು, ಕಂದು ಕಲೆ ಬೀಳುತ್ತದೆ. ಮಾಲಿಬ್ಡಿನಮ್ ಸೇರಿಸಿದ 316 ಬೇಕು. ಎರಡಕ್ಕೂ ನೋಟದಲ್ಲಿ ವ್ಯತ್ಯಾಸವಿಲ್ಲ, ಬೆಲೆಯಲ್ಲಿ ಇದೆ. ಈ ಅಂತರದಲ್ಲಿ ಎಷ್ಟು ಜನ ದುಡ್ಡು ಮಾಡಿಕೊಂಡರೋ ದೇವರಿಗೇ ಗೊತ್ತು. ಅಲ್ಯೂಮಿನಿಯಮ್ ಚೌಕಟ್ಟಿಗೆ ಈ ಉಕ್ಕಿನ ಬೋಲ್ಟನ್ನು ನೇರವಾಗಿ ಬಿಗಿದರೆ ಇನ್ನೊಂದು ಪೀಡೆ. ಉಪ್ಪುನೀರಿನ ಸಮಕ್ಷಮದಲ್ಲಿ ಎರಡು ಲೋಹಗಳು ಸೇರಿ ಸಣ್ಣ ಬ್ಯಾಟರಿಯಾಗುತ್ತವೆ, ಅಲ್ಯೂಮಿನಿಯಮ್ ಕರಗುತ್ತದೆ. ನಡುವೆ ನೈಲಾನಿನ ಒಂದು ಬಿಲ್ಲೆ ಇಟ್ಟರೆ ಜಗಳವಿಲ್ಲ. ಬಿಲ್ಲೆಯ ಬೆಲೆ ಲೆಕ್ಕಕ್ಕೇ ಬಾರದಷ್ಟು, ಮರೆತರೆ ಆಗುವ ನಷ್ಟ ಇಡೀ ಸಾಲು ಆಸನ.

ಕಾಕಾ ಸ್ಕ್ರೂವಿನ ತಲೆ ಮರದೊಳಗೆ ಮುಳುಗುವಂತೆ ಕುಳಿ ತೋಡಿ, ಮೇಲೆ ಅದೇ ಮರದ ಸಣ್ಣ ಗುಂಡು ಬೆಣೆ ಬಡಿದು, ಉಳಿಯಿಂದ ಸಮ ಮಾಡಿಸುತ್ತಿದ್ದರು. ಬೆಣೆಯ ಎಳೆ ಹಲಗೆಯ ಎಳೆಯ ಗುಂಟವೇ ಇರಬೇಕು. ಅಡ್ಡ ಬಿದ್ದರೆ ಕಿತ್ತು ಬೇರೆ ಬಡಿಯಬೇಕು. ಎರಡು ಹಲಗೆಗಳ ನಡುವೆ ಮಳೆನೀರು ಇಳಿಯುವಷ್ಟು ಸಂದು, ಆದರೆ ಕೂಸಿನ ಬೆರಳು ಸಿಕ್ಕಿಕೊಳ್ಳದಷ್ಟು. ಮುಂದಿನ ಅಂಚು ದುಂಡಗೆ, ತೊಡೆಗೆ ಒತ್ತದಂತೆ. ಹಿಂದಿನ ಒರಗು ಕೊಂಚ ವಾಲಿರಬೇಕು, ಆದರೆ ದೋಣಿ ದಡಕ್ಕೆ ತಾಗಿದಾಗ ಮುದುಕಿ ಕೈ ಊರದೆ ಏಳಲು ಬರುವಷ್ಟು ಮಾತ್ರ. ಇವು ಯಾವ ನಕ್ಷೆಯಲ್ಲೂ ಇರುತ್ತಿರಲಿಲ್ಲ. “ಇದರ ಮ್ಯಾಲೆ ನಿಮ್ಮವ್ವ ಕುಂಡ್ರತಾಳಂತ ತಿಳಕೊಂಡು ರಂದಾ ಹೊಡೀರಿ” ಎನ್ನುವುದು ಅವರ ಅಳತೆ. ಅವ್ವಂದಿರು ಕುಳಿತೂ ಕುಳಿತರು. ಊರಿನಿಂದ ಬಂದವರನ್ನು ದೀವಾಡಿಗೋ ಚೋಡಣಕ್ಕೋ ಫೆರಿಯಲ್ಲಿ ಕರೆದೊಯ್ಯುವುದು ನಮ್ಮೆಲ್ಲರ ಮನೆಗಳ ವಾಡಿಕೆ. ನಡೆದು ಹತ್ತುವವರಿಗೆ ಟಿಕೆಟ್ ಇಲ್ಲ. ನಡುವೆ ವಾಹನಗಳು, ಎರಡೂ ಅಂಚಿಗೆ ಉದ್ದನೆಯ ಬೆಂಚು, ಮೇಲೆ ಕಿರಿದಾದ ಸೂರು. ಕೆಳಗೆ ಹರಿಯುವ ಮಾಂಡವಿ ಬೆಳಗಾವಿ ಸೀಮೆಯ ಕಾಡಿನಲ್ಲಿ ಮಹದಾಯಿ ಎಂಬ ಹೆಸರಿನಿಂದ ಹುಟ್ಟಿ ಬಂದವಳು ಎಂದು ತೋರಿಸಿದರೆ, ಆಕೆಯೂ ನಮ್ಮ ಹಾಗೆ ಘಟ್ಟ ಇಳಿದು ಬಂದಳೇನು ಎಂದು ಮುದುಕಿಯರು ನಗುತ್ತಿದ್ದರು.

1986ರ ಜುಲೈ 5ರಂದು ಮಾಂಡವಿಯ ಸೇತುವೆ ಕುಸಿದು ಬಿತ್ತು. ಪಣಜಿಗೂ ಬೇತಿಗೂ ನಡುವೆ ಮತ್ತೆ ಫೆರಿಯೇ ಗತಿಯಾಯಿತು. ಜನ ಸಾಲುಗಟ್ಟಿ ನಿಂತು ದಾಟಿದರು. ನಮ್ಮ ಕಾರ್ಖಾನೆಗೆ ದುರಸ್ತಿಗೆ ಬಂದ ಬೆಂಚುಗಳನ್ನು ನೋಡಿ ಆಗ ನಾವು ಕಲಿತದ್ದು ಹೆಚ್ಚು. ಜನ ಕೂರುವ ಕಡೆ ಮರ ಸವೆದು ಗಾಜಿನಂತೆ ನಯವಾಗುತ್ತದೆ; ಮುರಿಯುವುದು ಅಲ್ಲಲ್ಲ. ಮುರಿಯುವುದು ಜನ ಕಾಲಿಡುವ ಕಡೆ, ಹತ್ತಿ ನಿಲ್ಲುವ ಕಡೆ, ಸೈಕಲ್ ಒರಗಿಸುವ ಕಡೆ. ಕೂರಲು ಮಾಡಿದ ವಸ್ತು ಕೂರುವುದರಿಂದ ಕೆಡುವುದಿಲ್ಲ. ಅಂದಿನಿಂದ ಬೆಂಚಿನ ಕಾಲಿಗೆ, ತುದಿಗೆ ಉಕ್ಕಿನ ಪಟ್ಟಿ ಕೊಡಲು ಆರಂಭಿಸಿದೆವು.

ಅದಾದ ಕೆಲವು ವರ್ಷಗಳಿಗೆ ಮೆತ್ತೆಯ ಕಾಲ ಬಂತು. ಪ್ರವಾಸಿಗರ ದೋಣಿಗಳಿಗೆ ಬರಿ ಹಲಗೆ ಸಾಲದಾಯಿತು. ನಾವು ಮೊದಲು ತುಂಬಿದ್ದು ತೆಂಗಿನ ನಾರು. ರಬ್ಬರಿನ ಹಾಲು ಸಿಂಪಡಿಸಿ ಒತ್ತಿದ ಆ ನಾರಿನ ದಿಂಡು ಗಾಳಿಯಾಡುತ್ತದೆ, ನೆನೆದರೆ ಒಣಗುತ್ತದೆ. ಕಾಕಾನಿಗೆ ಅದರ ಮೇಲೆ ಬಹಳ ಪ್ರೀತಿ. ಹೊದಿಕೆ ಹೊಲಿಯುವ ಕೆಲಸವನ್ನು ನಮ್ಮ ಮನೆಯ ಹೆಂಗಸರು ಚೀಟಿ ಲೆಕ್ಕದಲ್ಲಿ ತೆಗೆದುಕೊಂಡರು. ಮಧ್ಯಾಹ್ನದ ಹೊತ್ತು ನಮ್ಮ ಓಣಿಯಲ್ಲಿ ನಾಲ್ಕು ಹೊಲಿಗೆಯಂತ್ರಗಳ ಸದ್ದು. ಹತ್ತಿಯ ದಾರ ಉಪ್ಪುಗಾಳಿಗೆ ಒಂದೇ ವರ್ಷದಲ್ಲಿ ಕೊಳೆಯುತ್ತದೆಂದು ಕಂಡು ಪಾಲಿಯೆಸ್ಟರ್ ದಾರ ಕೇಳಿ ಹಟ ಹಿಡಿದವರು ಅವರೇ. ಹೊಲಿಗೆಯ ಪ್ರತಿ ತೂತೂ ನೀರಿಗೆ ಬಾಗಿಲು. ಆದ್ದರಿಂದ ನೀರು ನಿಲ್ಲುವ ಮೇಲ್ಮೈಯಲ್ಲಿ ಹೊಲಿಗೆ ಬರಕೂಡದು, ಪಕ್ಕಕ್ಕೆ ಸರಿಯಬೇಕು, ಅಡಿಯಲ್ಲಿ ಹಿತ್ತಾಳೆಯ ಉಂಗುರ ಹಾಕಿದ ಕಿಂಡಿಯಿರಬೇಕು ಎಂಬ ಯೋಜನೆಯೂ ಅವರದೇ. ಕಾರ್ಖಾನೆಯ ಯಾವ ಕಾಗದದಲ್ಲೂ ಅವರ ಹೆಸರಿಲ್ಲ. ಇಲ್ಲಿ ಬರೆದಿಡಲು ಹೊರಟರೆ ನಮ್ಮ ಹೆಸರು ಬೇಡವೆಂದರು, ಆಗಲಿ.

ಹೊದಿಕೆಯನ್ನು ನಾವು ರೆಕ್ಸಿನ್ ಎನ್ನುತ್ತೇವೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಬಳಿ ತಯಾರಾಗುತ್ತಿದ್ದ ಒಂದು ಕೃತಕ ಚರ್ಮದ ವ್ಯಾಪಾರದ ಹೆಸರು ಅದು, ನಮ್ಮ ಪೇಟೆಗಳಲ್ಲಿ ಜಾತಿಯ ಹೆಸರೇ ಆಗಿ ನಿಂತಿತು. ಮೂಲದ ರೆಕ್ಸಿನ್ನಿನಲ್ಲಿ ಬಟ್ಟೆಗೆ ಹಚ್ಚುತ್ತಿದ್ದದ್ದು ನೈಟ್ರೋಸೆಲ್ಯುಲೋಸ್, ಎಂದರೆ ಸಿಡಿಮದ್ದಿನ ದಾಯಾದಿ. ಈಗಿನದು ಪಿವಿಸಿ. ನಾರಿನ ಜಾಗಕ್ಕೆ ಪಾಲಿಯುರೆಥೇನ್ ಫೋಮ್ ಬಂತು: ಹಗುರ, ಅಗ್ಗ, ಚಾಕುವಿನಿಂದ ಬೆಣ್ಣೆಯಂತೆ ಕೊಯ್ಯಬಹುದು. ಅದರ ಸ್ವಭಾವ ತಿಳಿಯಬೇಕಾದರೆ ಕೊಯ್ದು ಬಿದ್ದ ತುಣುಕಿಗೆ ಅಂಗಳದಲ್ಲಿ ಕಡ್ಡಿ ಗೀರಿ ನೋಡಬೇಕು. ಉರಿಯುವುದಕ್ಕಿಂತ ಮೊದಲು ಕರಗುತ್ತದೆ, ಕರಗಿದ ಹನಿಯೂ ಉರಿಯುತ್ತದೆ, ಹೊಗೆ ಕಪ್ಪಗೆ ಬರುತ್ತದೆ. ಆ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಇದೆ, ಹೈಡ್ರೋಜನ್ ಸಯನೈಡ್ ಇದೆ. ಮನೆಯಲ್ಲಾದರೆ ಬೀದಿಗೆ ಓಡಬಹುದು, ಹಡಗಿನಲ್ಲಿ ಬೀದಿಯಿಲ್ಲ. 1990ರ ಏಪ್ರಿಲ್ 7ರಂದು ನಾರ್ವೆಯಿಂದ ಡೆನ್ಮಾರ್ಕಿಗೆ ಹೊರಟ ಸ್ಕ್ಯಾಂಡಿನೇವಿಯನ್ ಸ್ಟಾರ್ ಎಂಬ ಪ್ರಯಾಣಿಕ ನೌಕೆಗೆ ಬೆಂಕಿ ಬಿದ್ದು 159 ಜನ ಸತ್ತರು. ಹೆಚ್ಚಿನವರನ್ನು ಕೊಂದದ್ದು ಜ್ವಾಲೆಯಲ್ಲ, ಒಳಾಂಗಣದ ಹೊದಿಕೆಗಳು ಉರಿದು ಹಬ್ಬಿದ ಇಂಥ ಹೊಗೆ. ಸಮುದ್ರಯಾನದ ಹಡಗುಗಳ ಮೆತ್ತೆಯ ಆಸನಗಳನ್ನು ಈಗ ಪರೀಕ್ಷೆಗೆ ಒಡ್ಡುತ್ತಾರೆ: ಕೂರುವ ಮೆತ್ತೆಯೂ ಒರಗುವ ಮೆತ್ತೆಯೂ ಸೇರುವ ಮೂಲೆಯಲ್ಲಿ ಉರಿಯುವ ಸಿಗರೇಟನ್ನಿಟ್ಟು, ಬಳಿಕ ಸಣ್ಣ ಅನಿಲಜ್ವಾಲೆ ಹಿಡಿದು, ಬೆಂಕಿ ತಾನಾಗಿ ಆರುತ್ತದೆಯೇ ಹಬ್ಬುತ್ತದೆಯೇ ಎಂದು ನೋಡುತ್ತಾರೆ. ಫೋಮಿನೊಳಗೇ ಮೆಲಮೈನ್ ಬೆರೆಸುವುದು, ಫೋಮಿಗೂ ಹೊದಿಕೆಗೂ ನಡುವೆ ಬೆಂಕಿ ತಡೆಯುವ ಬಟ್ಟೆಯೊಂದನ್ನು ಹಾಸುವುದು ಇದಕ್ಕಿರುವ ಉಪಾಯಗಳು. ಒಳಗಿನ ಆ ಬಟ್ಟೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದಲೇ ಬಿಟ್ಟುಬಿಡಲು ಅದೇ ಸುಲಭ.

ಫೈಬರಿನ ಕುರ್ಚಿಗಳ ವಿಷಯ ಹೆಚ್ಚು ಹೇಳುವುದಿಲ್ಲ. ಅದನ್ನು ಮಾಡಿದ ಕೈಗಳಿಗೆ ಅದರ ತುರಿಕೆ ಇನ್ನೂ ನೆನಪಿದೆ. ಅಚ್ಚಿಗೆ ಮೇಣ ತಿಕ್ಕಿ, ಬಣ್ಣದ ಜೆಲ್ ಹಚ್ಚಿ, ಗಾಜಿನ ನಾರಿನ ಚಾಪೆ ಹಾಸಿ, ಮೇಲೆ ರಾಳ ಹೊಡೆದು, ಉರುಳೆಯಿಂದ ಗಾಳಿಗುಳ್ಳೆ ತೆಗೆಯುವುದು. ಮೇ ತಿಂಗಳ ಸೆಕೆಯಲ್ಲಿ ಗಟ್ಟಿಕಾರಕ ಒಂದು ಹನಿ ಹೆಚ್ಚಾದರೂ ಬಕೆಟಿನಲ್ಲೇ ರಾಳ ಬಿಸಿಯೇರಿ ಕಲ್ಲಾಗುತ್ತದೆ. ಮಳೆಗಾಲದಲ್ಲಿ ತೇವ ಸೇರಿ ಅಂಟಂಟಾಗಿ ಉಳಿಯುತ್ತದೆ. ಗೋವೆಯಲ್ಲಿ ಈ ಎರಡರ ನಡುವೆ ಸಿಗುವ ಒಳ್ಳೆಯ ತಿಂಗಳುಗಳು ಕೆಲವೇ. ಆದರೂ ಕುರ್ಚಿಯ ಆಕಾರ ಮೈಗೆ ಒಗ್ಗಿದ್ದರೆ ಮೆತ್ತೆ ಬೇಡ, ತೊಳೆದರೆ ಸ್ವಚ್ಛ, ಒಬ್ಬರಿಗೆ ಒಂದು. ಈ ಕೊನೆಯ ಗುಣವೇ ನಮ್ಮ ದೃಷ್ಟಿಯಲ್ಲಿ ಅತ್ಯಂತ ದೊಡ್ಡದು.

ಆಸನ ಬರಿಯ ಪೀಠೋಪಕರಣವಲ್ಲ ಎಂದು ಮೊದಲು ಹೇಳಿದೆವಲ್ಲ, ಆ ಮಾತಿಗೆ ಬರೋಣ. ನಮ್ಮ ಕಾರ್ಖಾನೆಯಲ್ಲಿ ಒಬ್ಬ ಮನುಷ್ಯನಿಗೆ 18 ಅಂಗುಲ ಅಗಲ ಎಂದು ಲೆಕ್ಕ. ಇದು ನಮ್ಮ ಕಾಕಾ ಕಂಡುಹಿಡಿದದ್ದೇನಲ್ಲ. ಅಮೆರಿಕದ ಕರಾವಳಿ ಕಾವಲಿನವರ ನಿಯಮದಲ್ಲಿಯೂ ಸ್ಥಿರ ಆಸನಕ್ಕೆ ಒಬ್ಬರಿಗೆ 18 ಅಂಗುಲವೇ. ಈ ಅಂಕಿ ಸೊಂಟದ ಅಳತೆಯಷ್ಟೇ ಅಲ್ಲ. ಆಸನದ ಸಂಖ್ಯೆಯೇ ಜನಸಂಖ್ಯೆ, ಜನಸಂಖ್ಯೆಯೇ ತೂಕ, ತೂಕ ಎಲ್ಲಿ ಕುಳಿತಿದೆ ಎಂಬುದರ ಮೇಲೆ ದೋಣಿ ನೇರ ನಿಲ್ಲುತ್ತದೆ. ತಲೆಗೆ 60 ಕಿಲೋದಂತೆ 40 ಜನ ಎಂದರೆ 2,400 ಕಿಲೋ. ಅಷ್ಟು ತೂಕ ಒಂದೇ ಬದಿಗೆ ಒಂದು ಮೀಟರ್ ಸರಿದರೆ ಸಣ್ಣ ದೋಣಿಯ ಪಾಡು ಏನೆಂದು ತಕ್ಕಡಿ ಹಿಡಿದ ಯಾರಾದರೂ ಊಹಿಸಬಹುದು. ಕುರ್ಚಿಯ ಎರಡು ಕೈಗಳು ಮೊಣಕೈ ಊರಲಿಕ್ಕೆ ಮಾತ್ರ ಇರುವುದಲ್ಲ. ಕುಳಿತವನನ್ನು ಅವನ ಜಾಗದಲ್ಲಿ ಹಿಡಿದಿಡುತ್ತವೆ. ಹಳೆಯ ಅಡ್ಡಹಲಗೆ ಮಾಡುತ್ತಿದ್ದ ಕೆಲಸವನ್ನೇ ಅವು ಇನ್ನೊಂದು ಬಗೆಯಲ್ಲಿ ಮಾಡುತ್ತವೆ.

ಹದಿನೈದು ವರ್ಷಗಳ ಹಿಂದೆ ಇರಬಹುದು, ಪ್ರವಾಸಿಗರ ದೋಣಿಯೊಂದರ ಮಾಲೀಕರು ನಮ್ಮಲ್ಲಿ ಆಸನ ಮಾಡಿಸಲು ಬಂದರು. ದೋಣಿಯ ಈ ಬದಿಯಿಂದ ಆ ಬದಿಗೆ 12 ಅಡಿಯ ಬೆಂಚು, ಇಂಥ ಹತ್ತು. ನಮ್ಮ ಲೆಕ್ಕದಲ್ಲಿ ಒಂದಕ್ಕೆ ಎಂಟು ಜನ, ನಡುನಡುವೆ ಕೈಗಳು. ಮಾಲೀಕರು ಮಾದರಿ ನೋಡಿ ಮೆಚ್ಚಿದರು, ಆಮೇಲೆ ಕೈಗಳನ್ನು ತೆಗೆಯಿರಿ ಎಂದರು. ಕೈ ತೆಗೆದರೆ ಎಂಟರ ಜಾಗದಲ್ಲಿ ಹತ್ತು ಜನ ಒತ್ತಿ ಕೂರುತ್ತಾರೆ, ಎಂಬತ್ತರ ದೋಣಿ ನೂರರದ್ದಾಗುತ್ತದೆ. ಮೇಲಾಗಿ ಸಂಜೆಯ ದೋಣಿಯಲ್ಲಿ ಕುಣಿತ, ಹಾಡು ಇರುತ್ತದೆ, ಕೈಗಳು ಅಡ್ಡ. ಕಾಕಾ ಆಗ ನಿವೃತ್ತಿಯ ಅಂಚಿನಲ್ಲಿದ್ದರು.

“ಕೈ ತೆಗಿಯೂದಿಲ್ರಿ. ಕೈ ತೆಗದ್ರ ಅದು ಬೆಂಚಲ್ಲ, ಜಾರಬಂಡಿ” ಎಂದರು.

ನಮ್ಮ ಧಣಿಗಳು ನಕ್ಕರು, ಮಾಲೀಕರಿಗೆ ಅದನ್ನು ಕೊಂಕಣಿಯಲ್ಲಿ ಹೇಳಿ ಅವರನ್ನೂ ನಗಿಸಿದರು. ಕಾಕಾ ನಗಲಿಲ್ಲ.

ಕಾಕಾನ ಮಾತು ಬರಿಯ ಹಟವಾಗಿರಲಿಲ್ಲ. ನಮ್ಮಲ್ಲಿಗೆ ಬರುತ್ತಿದ್ದ ನಕ್ಷೆಯ ಎಂಜಿನಿಯರರೊಬ್ಬರು ಅದಕ್ಕೆ ಕೆಲವೇ ದಿನಗಳ ಮುಂಚೆ ಅಮೆರಿಕದ ಈಥನ್ ಅಲನ್ ಎಂಬ ದೋಣಿಯ ಕಥೆಯನ್ನು ಊಟದ ಹೊತ್ತಿನಲ್ಲಿ ಹೇಳಿದ್ದರು. 2005ರ ಅಕ್ಟೋಬರ್ 2ರಂದು ನ್ಯೂಯಾರ್ಕ್ ರಾಜ್ಯದ ಲೇಕ್ ಜಾರ್ಜ್ ಎಂಬ ಸರೋವರದಲ್ಲಿ, ಬಿಸಿಲಿನ ಶಾಂತ ಮಧ್ಯಾಹ್ನ, 47 ಪ್ರವಾಸಿಗರನ್ನು ಹೊತ್ತ ಆ ದೋಣಿ ಮಗುಚಿ 20 ಜನ ಸತ್ತರು. ಹೆಚ್ಚಿನವರು ವೃದ್ಧರು. ದೋಣಿ ವಾಲತೊಡಗಿದಾಗ ಉದ್ದ ಬೆಂಚುಗಳ ಮೇಲೆ ಕುಳಿತವರು ಸಾಲಾಗಿ ಒಂದೇ ಬದಿಗೆ ಜಾರಿದ್ದರು. ಅದಕ್ಕೆ 48 ಜನರ ಪರವಾನಗಿಯಿತ್ತು. ತಲೆಗೆ 140 ಪೌಂಡು ಎಂಬ ಹಳೆಯ ಲೆಕ್ಕದ ಮೇಲೆ ಕೊಟ್ಟದ್ದು. ತನಿಖೆಯವರು ಹೊಸದಾಗಿ ಅಳೆದು ನೋಡಿದಾಗ ಆ ದೋಣಿ ಸುರಕ್ಷಿತವಾಗಿ ಹೊರಬಹುದಾಗಿದ್ದದ್ದು 14 ಜನರನ್ನು ಎಂದು ತಿಳಿಯಿತು. 2011ರಲ್ಲಿ ಅಮೆರಿಕದವರು ಪ್ರಯಾಣಿಕನ ಸರಾಸರಿ ತೂಕವನ್ನು 185 ಪೌಂಡಿಗೆ ಏರಿಸಿದರು. ಅಷ್ಟು ದೂರ ಹೋಗುವುದೇಕೆ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಜಲಕನ್ಯಕಾ ಎಂಬ ಎರಡಂತಸ್ತಿನ ದೋಣಿ ಮಗುಚಿ 45 ಜನ ಮುಳುಗಿದ್ದರು. ದಡದಲ್ಲಿ ಕಂಡ ಪ್ರಾಣಿಗಳನ್ನು ನೋಡಲು ಜನ ಒಂದು ಬದಿಗೆ ಸರಿದರೆಂದು ಅಂದಿನ ಪತ್ರಿಕೆಗಳು ಬರೆದಿದ್ದವು. ಆ ಪತ್ರಿಕೆಯ ಹಾಳೆ ನಮ್ಮ ಕೆಲಸದ ಮೇಜಿನ ಗೂಡಿನಲ್ಲಿ ಬಹಳ ಕಾಲ ಇತ್ತು.

ಧಣಿಗಳು ಸಂಜೆ ನಮ್ಮನ್ನು ಬೇರೆಯಾಗಿ ಕರೆದರು. ಮುದುಕನನ್ನು ಬಿಡಿ, ನೀವು ಮಾಡಿಕೊಡಿ ಎಂದರು. ಕಾಕಾ ಹೊರಗೆ ನಿಂತು ಕೇಳಿಸಿಕೊಂಡಿದ್ದರು. “ತಮ್ಮಗಳ್ರಾ, ನಿಮಗ ಮಕ್ಕಳು ಮರಿ ಅದಾವು. ನೀವು ಮಾಡ್ರಿ, ನಾ ಏನೂ ಅನ್ನೂದಿಲ್ಲ” ಎಂದು ಚಪ್ಪಲಿ ಮೆಟ್ಟಿ ಹೋದರು. ಅವರು ಬೈದಿದ್ದರೆ ನಮಗೆ ಸುಲಭವಾಗುತ್ತಿತ್ತು. ನಾವು ಮಾಡಲಿಲ್ಲ. ಕೆಲಸ ಬೇರೆ ಕಾರ್ಖಾನೆಗೆ ಹೋಯಿತು. ಆ ಹಂಗಾಮಿನಲ್ಲಿ ನಮಗೆ ಹೆಚ್ಚುವರಿ ಗಂಟೆಯ ಕೂಲಿ ಇಲ್ಲ, ದೀಪಾವಳಿಗೆ ಬೋನಸ್ ಇಲ್ಲ. ನಮ್ಮಲ್ಲೊಬ್ಬರ ಮಗಳ ಶಾಲೆಯ ಫೀಯನ್ನು ಈ ಸಂಘದವರೇ ಕೈಗಡ ಕೊಟ್ಟು ಕಟ್ಟಿದರು. ಕಾಕಾ ಮುಂದಿನ ವರ್ಷ ಊರಿಗೆ ಹೋದರು.

ಆ ದೋಣಿಗೆ ಏನಾಯಿತೆಂದು ನಮ್ಮ ಮಕ್ಕಳು ಕೇಳುತ್ತಾರೆ. ಏನೂ ಆಗಲಿಲ್ಲ. ವರ್ಷಗಟ್ಟಲೆ ಓಡಿತು, ಹಾಡು ಹಾಕಿಕೊಂಡು, ಬಣ್ಣದ ದೀಪ ಹಚ್ಚಿಕೊಂಡು. ನಾವು ದಂಡೆಯಲ್ಲಿ ನಿಂತು ನೋಡಿದ್ದೇವೆ. ತಿರುವು ತೆಗೆದುಕೊಳ್ಳುವಾಗ ಸಾಲು ತಲೆಗಳು ಒಟ್ಟಿಗೇ ಒಂದು ಬದಿಗೆ ಸರಿಯುತ್ತಿದ್ದದ್ದು ಕಾಣುತ್ತಿತ್ತು. ಊರಿನಿಂದ ನೆಂಟರು ಬಂದು ಅದೇ ದೋಣಿಯಲ್ಲಿ ಹೋಗಬೇಕೆಂದಾಗ ಏನಾದರೊಂದು ನೆಪ ಹೇಳಿ ಚೋಡಣದ ಫೆರಿಗೆ ಕರೆದೊಯ್ದದ್ದೂ ಉಂಟು.

ಈಗ ಕಾಲ ಬೇರೆ. ಚೋಡಣದ ಮಾರ್ಗಕ್ಕೆ 2025ರಲ್ಲಿ ರೋ-ರೋ ನೌಕೆಗಳು ಬಂದವು. ಕೊಚ್ಚಿಯಲ್ಲಿ 2023ರಿಂದ ಜಲಮೆಟ್ರೋ ಓಡುತ್ತಿದೆ. ಅಲ್ಯೂಮಿನಿಯಮಿನ ಜೋಡಿ ಒಡಲು, ಬ್ಯಾಟರಿಯ ಬಲ. ವೇಗದ ನೌಕೆಗಳ ಆಸನಗಳಿಗೆ ನಿಯಮಗಳೂ ಬಿಗಿ. ಡಿಕ್ಕಿಯಾದಾಗ ಕುರ್ಚಿ ನೆಲದಿಂದ ಕಿತ್ತು ಬರದಷ್ಟು ಬಲವಿದೆಯೇ ಎಂದು ನೋಡುತ್ತಾರೆ, ಕೆಲವಕ್ಕೆ ವಿಮಾನದಂತೆ ಪಟ್ಟಿಯೂ ಇರುತ್ತದೆ. ಇಂಥ ಆಸನಗಳು ಪೆಟ್ಟಿಗೆಗಳಲ್ಲಿ ಸಿದ್ಧವಾಗಿ ಬರುತ್ತವೆ, ಅಡಿಯಲ್ಲಿ ಬೆಂಕಿಪರೀಕ್ಷೆಯ ಚೀಟಿ ಅಂಟಿಸಿಕೊಂಡು. ರಂದಾ, ಉಳಿ, ಬೆಣೆಗಳಿಗೆ ಕೆಲಸವಿಲ್ಲ. ನಮ್ಮಲ್ಲಿ ಇಬ್ಬರ ಮಕ್ಕಳು ಇದೇ ಕಸುಬಿನಲ್ಲಿದ್ದಾರೆ. ಅವರ ಕೆಲಸ ನೆಲದ ಹಳಿಗೆ ಕುರ್ಚಿಯನ್ನು ಕೂಡಿಸಿ ಬಿಗಿಯುವುದು. ನಟ್ಟು ಎಷ್ಟು ಬಿಗಿಯಬೇಕೆಂಬುದಕ್ಕೂ ಅಳತೆಯ ಪಾನಾ ಇದೆ. ಬಿಗಿದ ಮೇಲೆ ನಟ್ಟಿನಿಂದ ಬೋಲ್ಟಿಗೆ, ಬೋಲ್ಟಿನಿಂದ ಹಳಿಗೆ ಹಳದಿ ಬಣ್ಣದ ಒಂದು ಗೆರೆ ಎಳೆಯುತ್ತಾರೆ. ಎಂಜಿನ್ನಿನ ಅದುರಿಗೆ ನಟ್ಟು ಕೂದಲೆಳೆಯಷ್ಟು ಸಡಿಲಿಸಿದರೂ ಗೆರೆ ಮುರಿದು ಕಾಣುತ್ತದೆ. ಕಳೆದ ಮಳೆಗಾಲಕ್ಕೆ ಮುಂಚೆ ಆ ಹುಡುಗರು ನಮ್ಮನ್ನು ತಮ್ಮ ಕೆಲಸ ನೋಡಲು ಕರೆದಿದ್ದರು. ಮಂಡಿಯೂರಿ, ಟಾರ್ಚು ಹಿಡಿದು, ಒಂದೊಂದೇ ಕುರ್ಚಿಯ ಅಡಿಗೆ ಬಗ್ಗಿ ನೋಡಿದೆವು. ನಲವತ್ತೆಂಟು ಕುರ್ಚಿ, ಕುರ್ಚಿಗೆ ನಾಲ್ಕು ಗೆರೆ. ಎರಡು ಕಡೆ ಗೆರೆ ಮುರಿದಿತ್ತು. ಹುಡುಗರು ಪಾನಾ ತಂದು ಬಿಗಿದು, ಹಳೆಯ ಗೆರೆಯನ್ನು ಒರೆಸಿ ಹೊಸದನ್ನು ಎಳೆದರು.